ಪಕ್ಕದವನ ವಿ-ಫಿಟ್ಟೂ, ಹಳೇ ಕೋವಿಯ ಸ್ಕ್ರೂವೂ

ಫಸ್ಟ್ ಇಯರ್ ವರ್ಕ್‌ಶಾಪ್‌ನ ಫಿಟ್ಟಿಂಗ್ ಸೆಕ್ಷನ್ ನೆನಪಿದೆಯಲ್ಲ? ಎರಡು ತುಂಡು ಎಂಎಸ್ ಫ್ಲಾಟ್ ಕೊಟ್ಟು ವಿ-ಫಿಟ್ ಮಾಡಿ ಅಂತಾರೆ. ಅಂಗೈಯಲ್ಲಿ ಬೊಬ್ಬೆ ಏಳೋ ತನಕ ಫೈಲ್ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿ, ಅಂತೂ ಕೂತಿತು ಅನ್ನೋ ಹೊತ್ತಿಗೆ ಕುತೂಹಲಕ್ಕೆ ನಮ್ಮ ತುಂಡನ್ನು ಪಕ್ಕದವನದ್ದಕ್ಕೆ ಹಾಕಿ ನೋಡಿದರೆ ಕೂರೋದೇ ಇಲ್ಲ. ಇಬ್ಬರದ್ದೂ ಒಂದೇ ಡ್ರಾಯಿಂಗ್, ಆದರೂ! ಅಮೆರಿಕದಲ್ಲಿ ಇವತ್ತಿಗೂ 18ನೇ ಶತಮಾನದ ಮಾದರಿಯ ಕೋವಿಗಳನ್ನು ಕೈಯಾರೆ ಕಟ್ಟುವ ಹವ್ಯಾಸಿಗಳಿದ್ದಾರೆ. ಅವರಿಗೆ ಬಿಡಿಭಾಗ ಸಿಗದೇ ಇರುವ ಕಷ್ಟದ ಮೂಲ ಇರೋದು ಈ ಕೂರದ ವಿ-ಫಿಟ್‌ನಲ್ಲೇ.

ಬಾಯಿಂದ ಮದ್ದು-ಗುಂಡು ತುಂಬುವ ಕೋವಿ ಮಲೆನಾಡಿನವರಿಗೆ, ಕೊಡಗಿನವರಿಗೆ ಹೊಸದೇನಲ್ಲ. ಅಜ್ಜನ ಮನೆಯ ಕೇಪಿನ ಕೋವಿಯೂ ಅದೇ ಜಾತಿ. ಆದರೆ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ, ಕಾಲೇಜಿನ ಲೇತ್ ಕಡೆ ಆಸೆಗಣ್ಣಿಂದ ನೋಡಬೇಡಿ. ಅಮೆರಿಕದ 1968ರ ಗನ್ ಕಂಟ್ರೋಲ್ ಕಾಯ್ದೆ ಈ ಹಳೇ ಮಾದರಿಗಳನ್ನು ಪ್ರತ್ಯೇಕವಾಗಿ ನೋಡುತ್ತದೆ. ಹಾಗಾಗಿ ಅಲ್ಲಿ ಇದು ಹವ್ಯಾಸವಾಗಿ ಉಳಿದಿದೆ.

ಅವರು ಹೆಚ್ಚಾಗಿ ಕಟ್ಟೋದು ಲಾಂಗ್ ರೈಫಲ್. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮೂಲದ ಕಸುಬುದಾರರು ತಮ್ಮೂರಿನ ಗಿಡ್ಡ ಬೇಟೆ ಕೋವಿಯನ್ನೇ ಉದ್ದ ಮಾಡುತ್ತಾ ಹೋಗಿ ಹುಟ್ಟಿದ್ದು ಅದು. ಎಂಟು ಮುಖದ ನಳಿಗೆಯೇ 42 ಇಂಚು ದಾಟುವುದುಂಟು. ಅದರ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು, ಕೆಳಗೆ ಅಲೆ ಅಲೆ ನಾರಿನ ಮೇಪಲ್ ಮರ. ಆಗಿನ ಕಸುಬುದಾರರೂ ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲ. ಕಿಡಿ ಹೊಡೆಯುವ ಯಂತ್ರ, ಅಂದ್ರೆ ಲಾಕ್, ಎಷ್ಟೋ ಸಲ ಹಡಗಿನಲ್ಲಿ ಇಂಗ್ಲೆಂಡಿನಿಂದ ಬರುತ್ತಿತ್ತು. ಪಾರ್ಟ್ಸ್‌ಗಾಗಿ ಕಾಯೋದು ಈ ಕಸುಬಿಗೆ ಹೊಸ ರೋಗ ಅಲ್ಲ ಬಿಡಿ.

ಇವತ್ತು ಹಿತ್ತಾಳೆಯ ಟ್ರಿಗರ್ ಗಾರ್ಡು, ಹಿಂಬದಿಯ ಪಟ್ಟಿ ಇಂಥವು ಸುಲಭವಾಗಿ ಸಿಗುತ್ತವೆ. ಟೆನೆಸ್ಸಿಯ ಯೂನಿಯನ್ ಸಿಟಿಯಲ್ಲಿ 1954ರಲ್ಲಿ ಶುರುವಾದ ಡಿಕ್ಸಿ ಗನ್ ವರ್ಕ್ಸ್‌ನ ದಪ್ಪ ಕ್ಯಾಟಲಾಗ್ ಅದಕ್ಕೇ ಹೆಸರುವಾಸಿ. ಕಷ್ಟ ಇರೋದು ನಳಿಗೆಯದು. ಹಳೇ ಕೋವಿಗಳ ನಳಿಗೆ ಪೈಪಿನಂತೆ ಸಮ ಇರಲಿಲ್ಲ. ಬುಡದಲ್ಲಿ ದಪ್ಪ, ಮುಂದೆ ಹೋಗ್ತಾ ತೆಳು, ಬಾಯಿಯ ಹತ್ತಿರ ಮತ್ತೆ ತುಸು ಅಗಲ. ಭಾರ ಕೈಗೆ ಹಿತವಾಗಿ ಕೂರೋದು ಈ ಆಕಾರದಿಂದ. ಎಂಟೂ ಮುಖವನ್ನು ಹೀಗೆ ಬಳುಕಿಸಿ ಮಿಲ್ ಮಾಡೋ ಅಂಗಡಿಗಳು ಕೆಲವೇ, ಕಾಯಬೇಕಾದದ್ದು ತಿಂಗಳುಗಟ್ಟಲೆ.

ಕಾಯುವಾಗ ಉಳಿದದ್ದನ್ನು ಮುಗಿಸಿಕೊಳ್ಳೋಣ ಅಂದ್ರೆ ಅದೂ ಆಗಲ್ಲ. ನಳಿಗೆಯ ಬುಡ ಮುಚ್ಚುವ ಬಿರಡೆ ಎಲ್ಲಿಗೆ ನಿಲ್ಲುತ್ತೋ ಅದರ ಸ್ವಲ್ಪ ಮುಂದೆ ಕಿಡಿ ಹೋಗುವ ತೂತು ಬರಬೇಕು. ತೂತಿನ ಪಕ್ಕಕ್ಕೇ ಲಾಕಿನ ಮದ್ದಿನ ಬಟ್ಟಲು ಬರಬೇಕು. ಲಾಕ್ ಎಲ್ಲೋ ಟ್ರಿಗರ್ ಅಲ್ಲಿ. ಟ್ರಿಗರ್ ಎಲ್ಲೋ ಅದರಿಂದ ಹೆಗಲಿನ ಅಳತೆ. ನಳಿಗೆ ಕೈಗೆ ಬರದೆ ಮರಕ್ಕೆ ಉಳಿ ಹಾಕೋ ಹಾಗಿಲ್ಲ. ಕ್ರಿಟಿಕಲ್ ಪಾತ್ ಅಂತ ಪರೀಕ್ಷೆಗೆ ಓದ್ತೀವಲ್ಲ, ಅದೇ ಇದು.

ಇನ್ನು ಲಾಕ್. ಚಕಮಕಿ ಕಲ್ಲಿಂದ ಕಿಡಿ ಬರುತ್ತೆ ಅಂದುಕೊಂಡಿದ್ದೀವಿ, ಉರಿಯೋದು ಕಲ್ಲಲ್ಲ. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಎದುರಿನ ಉಕ್ಕಿನ ಮುಖವನ್ನು ಕೆರೆಯುತ್ತೆ, ಹಾರಿದ ಉಕ್ಕಿನ ಚೂರು ಗಾಳಿಯಲ್ಲಿ ಉರಿಯುತ್ತೆ. ಆ ಉಕ್ಕಿನ ತುಂಡಿಗೆ ಫ್ರಿಜನ್ ಅಂತಾರೆ. ಹೈ ಕಾರ್ಬನ್ ಉಕ್ಕು, ಗಟ್ಟಿ ಹದ ಬೇಕು. ಮೆತ್ತಗಿದ್ದರೆ ಕಲ್ಲು ಅದರಲ್ಲಿ ಗುಳಿ ತೋಡುತ್ತೆ, ಕಿಡಿ ಇಲ್ಲ. ಹಳೇ ಲಾಕಿನ ಫ್ರಿಜನ್ ಸವೆದರೆ ಹೊಸದು ಸಿಗೋದು ದುರ್ಲಭ. ಅದಕ್ಕೇ ಹಿಂದಿನವರು ಚಪ್ಪಲಿಗೆ ಅಟ್ಟೆ ಹಾಕಿದ ಹಾಗೆ ಅದರ ಮುಖಕ್ಕೆ ಒಳ್ಳೆ ಉಕ್ಕಿನ ಪಟ್ಟಿ ಕೂರಿಸುತ್ತಿದ್ದರು. ಈಗಲೂ ಹಾಗೇ ಮಾಡ್ತಾರೆ.

‘ಹಳೇ ಭಾಗವನ್ನೇ ಅಚ್ಚಿಗೆ ಇಟ್ಟು ಎರಕ ಹೊಯ್ದರಾಯ್ತು’ ಅಂತ ಯಾರಾದರೂ ಹೇಳ್ತಾರೆ. ಇಂದಿನ ಲಾಕ್‌ಗಳ ಎಷ್ಟೋ ಭಾಗ ಮೇಣದ ಅಚ್ಚಿನ ಎರಕದವೇ, ನಿಜ. ಆದರೆ ಉಕ್ಕು ತಣಿಯುವಾಗ ಸುಮಾರು ಶೇಕಡ 2ರಷ್ಟು ಕುಗ್ಗುತ್ತೆ, ಮೇಣವೂ ತನ್ನ ಪಾಲು ಕುಗ್ಗುತ್ತೆ. ಎರಡು ಇಂಚಿನ ಭಾಗದಲ್ಲಿ ಒಂದು ಮಿಲಿಮೀಟರ್ ಹೋಯ್ತು ಅಂದ್ರೆ ಕುದುರೆಯನ್ನು ತಡೆದು ನಿಲ್ಲಿಸುವ ಕಚ್ಚು ತಪ್ಪುತ್ತೆ. ಕಚ್ಚು ತಪ್ಪಿದ ಕೋವಿ ಕೇಳದೆ ಹಾರುತ್ತೆ.

ಸ್ಕ್ರೂ ವಿಚಾರವಂತೂ ಬೇರೆಯೇ. ವಿಟ್‌ವರ್ತ್ ಇಂಗ್ಲೆಂಡಿನಲ್ಲಿ ಸ್ಕ್ರೂಗಳಿಗೆ ಒಂದೇ ಅಳತೆ ಸೂಚಿಸಿದ್ದು 1841ರಲ್ಲಿ, ಅಮೆರಿಕದಲ್ಲಿ ಸೆಲ್ಲರ್ಸ್ ಸೂಚಿಸಿದ್ದು 1864ರಲ್ಲಿ. ಅದಕ್ಕೂ ಮೊದಲಿನ ಲಾಕಿನ ಸ್ಕ್ರೂ ಕಳೆದರೆ ಯಾವ ಅಂಗಡಿಯ ಡಬ್ಬಿಯಲ್ಲಿ ಹುಡುಕ್ತೀರಿ? ಅದನ್ನು ಮಾಡಿದವನ ಥ್ರೆಡ್ ಅವನಿಗೇ ಗೊತ್ತಿತ್ತು. 1785ರಲ್ಲಿ ಪ್ಯಾರಿಸ್‌ನಲ್ಲಿದ್ದ ಜೆಫರ್ಸನ್, ಒನೊರೆ ಬ್ಲಾಂಕ್ ಬಿಚ್ಚಿಟ್ಟಿದ್ದ 50 ಲಾಕ್‌ಗಳ ಭಾಗಗಳಿಂದ ಸಿಕ್ಕಸಿಕ್ಕದ್ದನ್ನು ಎತ್ತಿ ತಾವೇ ಕೆಲವು ಲಾಕ್ ಜೋಡಿಸಿ, ಬೆರಗಾಗಿ ಊರಿಗೆ ಪತ್ರ ಬರೆದರು. ಇವತ್ತು ನಟ್ಟು-ಬೋಲ್ಟು ತಂದು ಹಾಕೋ ನಮಗೆ ಅದರಲ್ಲೇನು ವಿಶೇಷ ಅನ್ನಿಸಬಹುದು. ಆಗ ಅದು ಪವಾಡ.

ಹಾಗಾಗಿ ಭಾಗ ಹುಡುಕೋದು ಅಂದ್ರೆ ಕೊನೆಗೆ ಮನುಷ್ಯನನ್ನು ಹುಡುಕೋದು. ಇಂಡಿಯಾನಾದ ಫ್ರೆಂಡ್‌ಶಿಪ್ ಅನ್ನೋ ಪುಟ್ಟ ಊರಿನಲ್ಲಿ, 1933ರಲ್ಲಿ ಹುಟ್ಟಿದ ರಾಷ್ಟ್ರೀಯ ಮಜಲ್ ಲೋಡಿಂಗ್ ರೈಫಲ್ ಸಂಘದ ಮೇಳಕ್ಕೆ ಜನ ಸೇರೋದು ಗುರಿ ಹೊಡೆಯೋಕೆ ಮಾತ್ರ ಅಲ್ಲ. ಸಂತೆಯ ಮೇಜುಗಳ ಮೇಲೆ ಹರಡಿದ ಸ್ಪ್ರಿಂಗು, ಅರೆಬರೆ ಲಾಕು ತಡಕಾಡೋಕೆ ಕೂಡ. ಎಡಗೈಯವರ ಪಾಡು ಇನ್ನೂ ಕಷ್ಟ. ಬಲಗಡೆ ಲಾಕ್ ಇರುವ ಕೋವಿಯನ್ನು ಎಡ ಹೆಗಲಿಗಿಟ್ಟರೆ ಬಟ್ಟಲಿನ ಬೆಂಕಿ ಮುಖದ ಮುಂದೆಯೇ ಭಗ್ಗೆನ್ನುತ್ತೆ. ಅವರಿಗೆ ಎಲ್ಲವೂ ಕನ್ನಡಿಯಲ್ಲಿ ತಿರುಗಿದ ಹಾಗೆ ಇರೋ ಲಾಕ್ ಬೇಕು, ಅದನ್ನು ಮಾಡೋರು ಕಡಿಮೆ.

ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗಸ್ಲರ್ ಈ ಗೋಜೇ ಬೇಡ ಅಂತ ನಳಿಗೆಯಿಂದ ಸ್ಕ್ರೂವರೆಗೆ ಎಲ್ಲವನ್ನೂ ಹಳೇ ಸಲಕರಣೆಗಳಲ್ಲೇ ಮಾಡಿ ತೋರಿಸಿದರು. 1969ರಲ್ಲಿ ಅದರ ಚಲನಚಿತ್ರವೂ ಬಂತು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಸುತ್ತಿ ಬೆಸೆದು ನಳಿಗೆ ಮಾಡೋದನ್ನು ಅದರಲ್ಲಿ ನೋಡಬಹುದು. ಫಿಟ್ಟಿಂಗ್ ಲ್ಯಾಬ್ ಇರೋ ದಿನದ ಹಿಂದಿನ ರಾತ್ರಿ ಮಾತ್ರ ನೋಡಬೇಡಿ, ಮಾರನೇ ದಿನ ನಿಮ್ಮ ವಿ-ಫಿಟ್ ನೋಡಿ ನಿಮಗೇ ಬೇಜಾರಾಗುತ್ತೆ.