ನಿಮಗಿದು ಗೊತ್ತೆ? ಅಗಸೆಯೆಣ್ಣೆಯಲ್ಲಿ ಅರಳುವ ಕಾಡುಕೋಣ

ಬೆಳಗಾವಿಯ ಮನೆಗಳಲ್ಲಿ ರೊಟ್ಟಿಯ ಮಗ್ಗುಲಿಗೆ ಚಟ್ನಿಯಾಗಿ ಬಂದು ಕೂಡುವ ಅಗಸೆಯೇ, ಗಾಣದಲ್ಲಿ ಅರೆದು ತೈಲವಾದ ಬಳಿಕ, ವನ್ಯಮೃಗಗಳ ಭಾವಚಿತ್ರ ಬರೆಯುವ ಕಲಾವಿದನ ವರ್ಣಗಳಿಗೂ ಆಧಾರದ್ರವ್ಯವಾಗುವುದು. ಈ ತೈಲವು ನೀರಿನಂತೆ ಆವಿಯಾಗಿ ಒಣಗದೆ, ಗಾಳಿಯೊಳಗಿನ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾದ ಪೊರೆಯಾಗುವುದರಿಂದ, ಮೊದಲ ಲೇಪದಲ್ಲಿ ಎಣ್ಣೆ ಕಡಿಮೆಯಿದ್ದು ಮೇಲಿನ ಲೇಪಗಳಲ್ಲಿ ಕ್ರಮೇಣ ಹೆಚ್ಚಬೇಕು. ತಪ್ಪಿದರೆ ಚಿತ್ರವು ಕಾಲಾಂತರದಲ್ಲಿ ಬಿರುಕು ಬಿಡುವುದು.

ಖಾನಾಪುರ ತಾಲೂಕಿನ ಭೀಮಗಡ ಅಭಯಾರಣ್ಯದಲ್ಲಿ ಸಂಚರಿಸುವ ಕಾಡುಕೋಣವನ್ನು ಚಿತ್ರಿಸಹೊರಟವನು ಅದರ ಮೈಗೆ ಬರಿಯ ಕಪ್ಪನ್ನೇ ಬಳಿದನಾದರೆ, ಪಟದ ಮೇಲೆ ಮೃಗದ ಬದಲು ಒಂದು ಕತ್ತಲೆಯ ಗವಿ ಮಾತ್ರ ಕಂಡೀತು. ಆದುದರಿಂದ ನುರಿತ ಕೈ ಗಾಢವಾದ ಕಂದನ್ನೂ ನೀಲಿಯನ್ನೂ ಬೆರೆಸಿ, ಉಸಿರಾಡುವ ಕಪ್ಪೊಂದನ್ನು ಸಿದ್ಧಪಡಿಸಿಕೊಳ್ಳುತ್ತದೆ. ಅಗಸೆಯೆಣ್ಣೆ ಬರಬರುತ್ತ ಹಳದಿಗೆ ತಿರುಗುವ ಸ್ವಭಾವದ್ದಾದ ಕಾರಣ, ಕೋಣದ ಕಾಲ್ಚೀಲದಂಥ ಬಿಳುಪಿಗೆ ಗಸಗಸೆಯ ಎಣ್ಣೆಯಲ್ಲಿ ಕಲಸಿದ ಬಣ್ಣವೇ ಮೇಲು. ಕಣ್ಣಾಲಿಯೊಳಗಿನ ಬೆಳಕಿನ ಚುಕ್ಕೆ ಮಾತ್ರ ಸಾಮಾನ್ಯವಾಗಿ ಕಟ್ಟಕಡೆಯ ಸ್ಪರ್ಶ. ಅದು ಬೀಳುವತನಕ ಮೃಗಕ್ಕೆ ಜೀವ ಬಾರದು.

ಚಿತ್ರಕಾರನಿಗೆ ಇಲ್ಲಿ ಇನ್ನೊಂದು ಅಪೂರ್ವ ವಸ್ತುವಿದೆ. ಇದೇ ಸೀಮೆಯ ಬಾರಾಪೇಡೆ ಗುಹೆಗಳಿಂದ 1913ರಲ್ಲಿ ವಿಜ್ಞಾನಲೋಕಕ್ಕೆ ಪರಿಚಿತವಾದ ರಾಟನ್ ಬಾವಲಿಗೆ, ಮುಖವನ್ನೇ ಆವರಿಸುವಷ್ಟು ವಿಶಾಲವಾದ ಕಿವಿಗಳೂ ಕಂದು ಮಖಮಲ್ಲಿನಂತಹ ರೋಮವೂ ಕತ್ತಿನ ಸುತ್ತ ಮಾಸಲು ಬೂದಿಯ ಛಾಯೆಯೂ ಇವೆ. ಅನೇಕ ದಶಕಗಳ ಕಾಲ ಭೂಮಂಡಲದಲ್ಲಿ ಇದರ ನೆಲೆಯೆಂದು ತಿಳಿದಿದ್ದುದು ಖಾನಾಪುರದ ಈ ಕಾಡೊಂದೇ!