ಕಿರುಹೆಜ್ಜೆಯ ಗಣಿತ

ಒಲೆಯಿಂದ ಇಳಿಸಿದ ನೀರು ಕ್ರಮೇಣ ಆರುವುದನ್ನು ಎಲ್ಲರೂ ಬಲ್ಲರು. ಆದರೆ ಅದು ಒಂದೇ ವೇಗದಿಂದ ಆರುವುದಿಲ್ಲ. ನೀರಿಗೂ ಕೋಣೆಗೂ ಇರುವ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಆರುವ ವೇಗವು ಹೆಚ್ಚು. ಅಂತರ ಕುಗ್ಗಿದಂತೆ ವೇಗವೂ ಕುಗ್ಗುತ್ತದೆ. ಒಂದು ಪರಿಮಾಣಕ್ಕೂ ಅದು ಬದಲಾಗುವ ವೇಗಕ್ಕೂ ಇರುವ ಇಂತಹ ಸಂಬಂಧವನ್ನು ತಿಳಿಸುವುದೇ ಅವಕಲ ಸಮೀಕರಣ. ಇಲ್ಲಿ ವೇಗವು ಅಂತರಕ್ಕೆ ನೇರ ಅನುಪಾತದಲ್ಲಿರುವುದರಿಂದ ಇದು ರೇಖೀಯ ಸಮೀಕರಣವೆನಿಸುತ್ತದೆ.

ಕ್ಷಣಕ್ಷಣಕ್ಕೂ ಬದಲಾಗುವ ವೇಗವನ್ನು ಲೆಕ್ಕಕ್ಕೆ ಹಿಡಿಯುವುದೆಂತು? ಗಣಿತಜ್ಞ ಲಿಯೊನಾರ್ಡ್ ಆಯ್ಲರನು 1768ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೊಂದು ಸರಳ ಮಾರ್ಗವನ್ನು ತೋರಿಸಿದನು. ಆ ವೇಳೆಗೆ ಆತನ ಕಣ್ಣುಗಳು ಬಹುಮಟ್ಟಿಗೆ ಕುರುಡಾಗಿದ್ದುವು. ಗಣಿತ ಮಾತ್ರ ನಿಂತಿರಲಿಲ್ಲ. ಕಾಲವನ್ನು ಕಿರಿದಾದ ತುಂಡುಗಳಾಗಿ ವಿಭಾಗಿಸಿ, ಒಂದೊಂದು ತುಂಡಿನಲ್ಲಿಯೂ ವೇಗವು ಬದಲಾಗದೆಂದು ಭಾವಿಸಬೇಕು. ತುಂಡು ಮುಗಿದೊಡನೆ ವೇಗವನ್ನು ಹೊಸದಾಗಿ ಗಣಿಸಬೇಕು. ಇದೇ ಆ ಮಾರ್ಗ.

ಕೋಣೆಯ ಉಷ್ಣತೆ 20 ಡಿಗ್ರಿ, ನೀರಿನದು 100 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಅಂತರ 80 ಡಿಗ್ರಿ. ನಿಮಿಷಕ್ಕೆ ಅಂತರದ ಹತ್ತನೆಯ ಒಂದು ಭಾಗದಷ್ಟು ವೇಗದಿಂದ ನೀರು ಆರುತ್ತಿರಲಿ. ಎರಡು ನಿಮಿಷಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿದರೆ ಉಳಿಯುವ ಅಂತರ 64 ಡಿಗ್ರಿ. ಒಂದೊಂದು ನಿಮಿಷದ ಎರಡು ಹೆಜ್ಜೆಗಳಲ್ಲಿ ದಾಟಿದರೆ ಮೊದಲು 72, ಬಳಿಕ 64.8. ಅರ್ಧ ನಿಮಿಷದ ನಾಲ್ಕು ಹೆಜ್ಜೆಗಳಲ್ಲಿ ಸುಮಾರು 65.2. ನಿಜವಾದ ಉತ್ತರ ಸುಮಾರು 65.5. ಹೆಜ್ಜೆ ಅರ್ಧವಾದಾಗಲೆಲ್ಲ ತಪ್ಪು ಕೂಡ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಆತುರಪಟ್ಟು ಮೂವತ್ತು ನಿಮಿಷಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿದರೆ ಏನಾಗುವುದು? ನಿಮಿಷಕ್ಕೆ 8 ಡಿಗ್ರಿಯಂತೆ 240 ಡಿಗ್ರಿ ಇಳಿದು, ನೀರು ಸೊನ್ನೆಗಿಂತ 140 ಡಿಗ್ರಿ ಕೆಳಗಿದೆ ಎಂಬ ಉತ್ತರ ಬರುತ್ತದೆ! ಕೂಡುವುದರಲ್ಲಿಯಾಗಲಿ ಕಳೆಯುವುದರಲ್ಲಿಯಾಗಲಿ ತಪ್ಪಿಲ್ಲ; ಹೆಜ್ಜೆಯ ಅಳತೆಯೇ ತಪ್ಪು.

ಹಾಗೆಂದು ಹೆಜ್ಜೆಯನ್ನು ಕಿರಿದು ಮಾಡುತ್ತಲೇ ಹೋದರೆ ಶ್ರಮ ಬೆಳೆಯುತ್ತದೆ. ಆದುದರಿಂದ ಜರ್ಮನಿಯ ಕಾರ್ಲ್ ರುಂಗೆ 1895ರಲ್ಲಿಯೂ ವಿಲ್ಹೆಲ್ಮ್ ಕುಟ್ಟಾ 1901ರಲ್ಲಿಯೂ ಉತ್ತಮ ವಿಧಾನಗಳನ್ನು ನೀಡಿದರು. ಹೆಜ್ಜೆಯ ಆರಂಭದಲ್ಲಿ ಮಾತ್ರವಲ್ಲದೆ ನಡುವೆಯೂ ವೇಗವನ್ನು ಅಂದಾಜು ಮಾಡಿ, ಅವುಗಳ ತಕ್ಕ ಸರಾಸರಿಯನ್ನು ಬಳಸುವುದು ಇವುಗಳ ಮರ್ಮ.

ನೀರು ಆರುವ ಲೆಕ್ಕಕ್ಕೆ ನಿಖರವಾದ ಸೂತ್ರವೂ ಉಂಟು. ಅದರಿಂದಲೇ ನಮ್ಮ ತಪ್ಪನ್ನು ಅಳೆಯಲು ಸಾಧ್ಯವಾಯಿತು. ಆದರೆ ಉಪಗ್ರಹದ ಪಥ, ಹವಾಮಾನದ ಮುನ್ಸೂಚನೆ ಮುಂತಾದ ಜಟಿಲ ಸಮಸ್ಯೆಗಳಿಗೆ ಅಂತಹ ಸೂತ್ರ ದೊರೆಯದು. ಅಲ್ಲಿ ಗಣಕಯಂತ್ರಗಳು ಹೆಜ್ಜೆಹೆಜ್ಜೆಯಾಗಿಯೇ ಸಾಗುತ್ತವೆ. ಅವುಗಳ ವೇಗ ಎಷ್ಟೇ ಇರಲಿ, ಹೆಜ್ಜೆಯ ಅಳತೆಯನ್ನು ವಿವೇಕದಿಂದ ನಿರ್ಧರಿಸಬೇಕು. ಚಂಡಮಾರುತ ಎತ್ತ ಸಾಗುವುದೆಂಬ ಎಚ್ಚರಿಕೆಯನ್ನು ನಂಬಿ ಕಡಲತೀರದ ಜನರು ಮನೆ ಬಿಡುವಾಗ, ಅವರ ಪ್ರಾಣರಕ್ಷಣೆಯಲ್ಲಿ ಈ ಕಿರುಹೆಜ್ಜೆಗಳ ಪಾಲೂ ಇರುತ್ತದೆ.