ಎರಡು ಬೆರಳಿನ ಲೆಕ್ಕ

ಯುಗಾದಿಗೆ ತಂದ ಸನ್‌ಸ್ಕ್ರೀನ್ ದೀಪಾವಳಿಗೂ ಮುಗಿದಿಲ್ಲವೆಂದರೆ ಅದನ್ನು ಉಳಿತಾಯ ಎನ್ನಬೇಡಿ. ಹಚ್ಚಬೇಕಾದಷ್ಟು ಹಚ್ಚಿಲ್ಲ ಎಂದೇ ಅರ್ಥ.

ಅಂಗಡಿಯಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಎಸ್‌ಪಿಎಫ್ ಮೇಲೆ. ಚರ್ಮ ಸುಡುವ ಯುವಿಬಿ ಕಿರಣಗಳನ್ನು ಎಸ್‌ಪಿಎಫ್ 30 ಸುಮಾರು ಶೇ 97ರಷ್ಟು ತಡೆದರೆ, 50 ತಡೆಯುವುದು ಶೇ 98ರಷ್ಟು. ಅದೂ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿದಾಗ. ಹೆಚ್ಚಿನವರು ಅದರ ಅರ್ಧವನ್ನೂ ಹಚ್ಚುವುದಿಲ್ಲ. ಕಡಲೆಕಾಳಿನಷ್ಟು ಸವರಿದ 50ಕ್ಕಿಂತ ಧಾರಾಳವಾಗಿ ಹಚ್ಚಿದ 30 ಮೇಲು.

ಅಳತೆ ಸುಲಭ. ತೋರುಬೆರಳು, ನಡುಬೆರಳುಗಳ ಬುಡದಿಂದ ತುದಿಯವರೆಗೆ ಕ್ರೀಮನ್ನು ಉದ್ದಕ್ಕೆ ಹಿಂಡಿ. ಈ ಎರಡು ಗೆರೆ ಮುಖಕ್ಕೆ ಮತ್ತು ಕತ್ತಿಗೆ. ಒಟ್ಟಿಗೇ ಬಳಿದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ; ಒಂದು ಗೆರೆ ಹಚ್ಚಿ, ಅದು ಆರಿದ ಮೇಲೆ ಇನ್ನೊಂದು ಹಚ್ಚಿ. ಕಿವಿ, ಮುಂಗೈ, ಪಾದಗಳಿಗೆ ಬೇರೆಯೇ ಬೇಕು. ಈ ಲೆಕ್ಕದಲ್ಲಿ ಮುಖಕ್ಕೆ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಲ್ಲಿ ಖಾಲಿಯಾಗಬೇಕು. ಹಾಗಾಗಿ ದುಬಾರಿಯದನ್ನು ತಂದು ಚೂರು ಚೂರೇ ಹಚ್ಚುವ ಬದಲು, ತಿಂಗಳ ಖರ್ಚಿಗೆ ಹೊಂದುವುದನ್ನು ಕೊಳ್ಳಿ.

ದಿನವೂ ಸ್ಕೂಟರ್ ಓಡಿಸುವವರು ಒಮ್ಮೆ ವಾಚ್ ಬಿಚ್ಚಿ ನೋಡಿ. ಪಟ್ಟಿಯ ಅಡಿಯ ಚರ್ಮ ಒಂದು ಬಣ್ಣ, ಸುತ್ತಲಿನದು ಇನ್ನೊಂದು. ನಮ್ಮ ಕಂದು ಚರ್ಮ ಬಿಳಿಯರಂತೆ ಬೇಗ ಸುಡದಿದ್ದರೂ ಕಪ್ಪಾಗುತ್ತದೆ, ಬಂಗು ಏಳುತ್ತದೆ. ಇದರಲ್ಲಿ ಯುವಿಎ ಕಿರಣಗಳ ಪಾಲು ದೊಡ್ಡದು. ಅವು ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುತ್ತವೆ. ಇವುಗಳಿಂದ ಎಷ್ಟು ರಕ್ಷಣೆ ಎಂಬುದನ್ನು ಟ್ಯೂಬಿನ ಮೇಲಿನ ‘ಪಿಎ’ ಅಕ್ಷರಗಳ ಮುಂದಿನ ಪ್ಲಸ್ ಗುರುತುಗಳು ಹೇಳುತ್ತವೆ. ಗುರುತು ಹೆಚ್ಚಿದಷ್ಟೂ ಒಳ್ಳೆಯದು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ನೆರವಾಗುತ್ತದೆ. ಎಣ್ಣೆ ಚರ್ಮಕ್ಕೆ ಜೆಲ್ ಹಗುರ. ಬೇಗ ಉರಿಯುವ ಚರ್ಮಕ್ಕೆ ಜಿಂಕ್ ಆಕ್ಸೈಡ್ ಇರುವುದು ಹಿತ.

ಮನೆ ಬಿಡುವ 15–20 ನಿಮಿಷ ಮೊದಲೇ ಹಚ್ಚಿ. ಬಿಸಿಲಲ್ಲೇ ಇರುವವರು ಎರಡು ಗಂಟೆಗೊಮ್ಮೆ, ಬೆವರಿ ಮುಖ ಒರೆಸಿಕೊಂಡರೆ ಆಗಲೇ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ. ನೆರಳು, ಮೈತುಂಬ ಹತ್ತಿಬಟ್ಟೆ ಸಾಕು.

ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ಸೂರ್ಯ ನಡುಹಗಲಲ್ಲಿ ನೆತ್ತಿಗೇ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ನೆರಳಿರದು. ಉಳಿದ ದಿನಗಳಲ್ಲೂ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಪ್ರಖರವಾಗಿದೆ ಎಂದು ತಿಳಿಯಿರಿ. ಆ ಹೊತ್ತಿಗೆ ಕೊಡೆ, ತುಂಬುತೋಳಿನ ಅಂಗಿ, ಹೊಂಗೆಮರದ ನೆರಳು ಮೊದಲು. ಅವು ಮುಚ್ಚದ ಕಡೆಗೆ ಆ ಎರಡು ಗೆರೆ.